1956ರಲ್ಲೇ ಓಝೋನ್ ರಂಧ್ರ ಇತ್ತೇ? ಗಾರ್ಡನ್ ಡಾಬ್ಸನ್ ನಿಜಕ್ಕೂ ಅಳೆದದ್ದೇನು

ಓಝೋನ್ ಬಗ್ಗೆ ಒಂದು ವಾದ ಸುಮಾರು ಮೂವತ್ತು ವರ್ಷಗಳಿಂದ ಸುತ್ತುತ್ತಲೇ ಇದೆ. ಮೊದಲು ಪುಸ್ತಕಗಳಲ್ಲಿ ಬಂತು, ಆಮೇಲೆ ಇಮೇಲ್‌ಗಳಲ್ಲಿ, ಈಗ ಫಾರ್ವರ್ಡ್ ಸಂದೇಶಗಳಲ್ಲಿ. ಅದರ ಸಾರ ಇಷ್ಟು: ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರವನ್ನು 1956ರಲ್ಲೇ ಡಾಬ್ಸನ್ ಎಂಬ ಬ್ರಿಟಿಷ್ ವಿಜ್ಞಾನಿ ಕಂಡುಹಿಡಿದಿದ್ದರು. ಆಗ ಫ್ರಿಜ್ ಮತ್ತು ಏಸಿಗಳ ಗ್ಯಾಸ್ ಇಷ್ಟೊಂದು ಬಳಕೆಯಲ್ಲಿರಲಿಲ್ಲ. ಹಾಗಾಗಿ ರಂಧ್ರ ಎನ್ನುವುದು ಪ್ರಕೃತಿ ಸಹಜ, ಆ ಗ್ಯಾಸ್ ನಿಷೇಧಿಸಿದ್ದು ಹೊಸ ಗ್ಯಾಸ್ ಮಾರಲು ಕಂಪನಿಗಳು ಹೂಡಿದ ಆಟ.

ಈ ಸಂದೇಶ ಸುಲಭವಾಗಿ ನಂಬಿಕೆ ಗಿಟ್ಟಿಸುತ್ತದೆ. ಏಕೆಂದರೆ ಇದರಲ್ಲಿರುವ ಹೆಸರು ನಿಜ, ವರ್ಷ ನಿಜ, ಅಂಟಾರ್ಕ್ಟಿಕಾದ ಅಳತೆಗಳೂ ನಿಜ. ಡಾಬ್ಸನ್ ಆ ವರ್ಷ ಅಲ್ಲಿಂದ ಬಂದ ಅಂಕಿಗಳನ್ನು ನೋಡಿ ಅಚ್ಚರಿಪಟ್ಟಿದ್ದೂ ನಿಜ. ಹಾಗಾದರೆ ಸುಳ್ಳು ಎಲ್ಲಿದೆ? ಅದನ್ನು ಹಿಡಿಯಬೇಕಾದರೆ ಈ ಮನುಷ್ಯ ಬದುಕಿಡೀ ಏನು ಅಳೆಯುತ್ತಿದ್ದರು, ಹೇಗೆ ಅಳೆಯುತ್ತಿದ್ದರು ಎಂದು ನಾವು ತಿಳಿಯಬೇಕು. ಕಥೆ ಸ್ವಲ್ಪ ಉದ್ದವಿದೆ, ಆದರೆ ಓದಿ ಮುಗಿಸಿದರೆ ಆ ಸಂದೇಶಕ್ಕೆ ಉತ್ತರ ನೀವೇ ಬರೆಯಬಲ್ಲಿರಿ.

ಕೆರೆಯ ನೀರಿನಿಂದ ಉಲ್ಕೆಗಳವರೆಗೆ

ಗಾರ್ಡನ್ ಮಿಲ್ಲರ್ ಬೋರ್ನ್ ಡಾಬ್ಸನ್ ಹುಟ್ಟಿದ್ದು 1889ರ ಫೆಬ್ರವರಿ 25ರಂದು, ಇಂಗ್ಲೆಂಡಿನ ಉತ್ತರ ಭಾಗದ ವಿಂಡರ್‌ಮಿಯರ್ ಎಂಬ ಸರೋವರದ ಊರಿನಲ್ಲಿ. ತಂದೆ ವೈದ್ಯರು. ಕೇಂಬ್ರಿಜ್‌ನಲ್ಲಿ ಓದುವಾಗಲೇ ಡಾಬ್ಸನ್ ತಮ್ಮೂರಿನ ಸರೋವರದ ನೀರು ಗಾಳಿಯ ಹೊಡೆತಕ್ಕೆ ಒಂದು ದಡದಿಂದ ಇನ್ನೊಂದು ದಡಕ್ಕೆ ಹೇಗೆ ತೂಗಾಡುತ್ತದೆ ಎಂದು ಅಳೆದು, ಅದನ್ನು 1911ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತುಂಬಿದ ಬಕೆಟ್ಟನ್ನು ಅಲುಗಿಸಿದರೆ ನೀರು ಅತ್ತಿತ್ತ ಹೊಯ್ದಾಡುತ್ತದಲ್ಲ, ಅದೇ ಸಂಗತಿ ಸರೋವರದ ಗಾತ್ರದಲ್ಲಿ. ಉಪಕರಣ ಹೂಡುವುದು, ದಿನಗಟ್ಟಲೆ ತಾಳ್ಮೆಯಿಂದ ಅಳೆಯುವುದು, ಅಂಕಿಗಳ ಹಿಂದಿನ ಕಾರಣ ಹುಡುಕುವುದು: ಮುಂದಿನ ಅರವತ್ತೈದು ವರ್ಷ ಅವರು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಮೊದಲ ಮಹಾಯುದ್ಧಕ್ಕೆ ಮುಂಚೆ ಅವರು ಸೈನ್ಯದ ವಿಮಾನ ಶಾಲೆಯಲ್ಲಿ ಹವಾಮಾನದ ಪಾಠ ಹೇಳಿದರು. ಬಲೂನು ಹಾರಿಸಿ ಎತ್ತರಕ್ಕೆ ಹೋದಂತೆ ಗಾಳಿ ಹೇಗೆ ಬದಲಾಗುತ್ತದೆ ಎಂದು ಅಳೆದರು. ಯುದ್ಧದ ವರ್ಷಗಳನ್ನು ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕಳೆದರು. 1920ರಲ್ಲಿ ಆಕ್ಸ್‌ಫರ್ಡ್‌ಗೆ ಬಂದವರು ಮತ್ತೆ ಆ ಊರು ಬಿಡಲಿಲ್ಲ.

ಅಲ್ಲಿ ಅವರಿಗೆ ಓಝೋನ್ ದಾರಿ ತೋರಿಸಿದ್ದು ಉಲ್ಕೆಗಳು. ಆಗಿನ ನಂಬಿಕೆಯ ಪ್ರಕಾರ ಸುಮಾರು 11 ಕಿಲೋಮೀಟರ್ ಎತ್ತರ ದಾಟಿದ ಮೇಲೆ ಗಾಳಿಯ ಉಷ್ಣತೆ ಕೊರೆಯುವ ಚಳಿಯಲ್ಲೇ ನಿಂತುಬಿಡುತ್ತದೆ, ಮುಂದೆ ಬದಲಾಗುವುದಿಲ್ಲ. ಬಲೂನುಗಳು ತೀರಾ ಮೇಲಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಪರೀಕ್ಷಿಸಿ ನೋಡಿದವರೂ ಇರಲಿಲ್ಲ. ಡಾಬ್ಸನ್ ಮತ್ತು ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ ಉಲ್ಕೆಗಳು ಯಾವ ಎತ್ತರದಲ್ಲಿ ಹೊತ್ತಿಕೊಂಡು ಎಲ್ಲಿ ಆರುತ್ತವೆ ಎಂಬ ಲೆಕ್ಕ ಹಿಡಿದು, ಅಲ್ಲಿ ಗಾಳಿ ಎಷ್ಟು ದಟ್ಟವಾಗಿರಬೇಕು ಎಂದು ಕಂಡುಕೊಂಡರು. ಉತ್ತರ ಅಂದಿನ ನಂಬಿಕೆಗೆ ಹೊಂದಲಿಲ್ಲ. ಸುಮಾರು 50 ಕಿಲೋಮೀಟರ್ ಆಚೆ ಗಾಳಿ ಅಂದುಕೊಂಡದ್ದಕ್ಕಿಂತ ಬಹಳ ಬೆಚ್ಚಗಿರಬೇಕಿತ್ತು. ಅಷ್ಟು ಮೇಲೆ ಒಲೆ ಹಚ್ಚಿದವರು ಯಾರು? ಅವರ ಊಹೆ ಓಝೋನ್ ಕಡೆಗೆ ಹೋಯಿತು. ಅದು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತಿರಬೇಕು ಎಂದು 1923ರ ಹೊತ್ತಿಗೆ ಪ್ರಕಟಿಸಿದರು.

ಓಝೋನ್ ಎಂದರೆ ಮೂರು ಆಮ್ಲಜನಕ ಪರಮಾಣುಗಳ ಅಣು. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡೇ ಪರಮಾಣು. ಮೇಲಿನ ಗಾಳಿಯಲ್ಲಿ ಓಝೋನ್ ಇದೆ ಎಂದು ಫ್ರಾನ್ಸಿನ ಫ್ಯಾಬ್ರಿ ಮತ್ತು ಬ್ಯುಸೋ ಆಗಲೇ ತೋರಿಸಿಕೊಟ್ಟಿದ್ದರು. (ನೆಲದ ಮಟ್ಟದಲ್ಲಿ ಇದೇ ಓಝೋನ್ ಶ್ವಾಸಕೋಶಕ್ಕೆ ಹಾನಿ ಮಾಡುವ ಮಾಲಿನ್ಯ. ಗಿಡ ಓಝೋನ್ ಬಿಡುತ್ತದೆ, ಉಸಿರಾಡಿದರೆ ಆರೋಗ್ಯ ಎನ್ನುವ ಸಂದೇಶ ಬಂದರೆ ಅದನ್ನು ಅಲ್ಲೇ ಅಳಿಸಬಹುದು.) ಆದರೆ ಮೇಲೆ ಎಷ್ಟು ಓಝೋನ್ ಇದೆ, ದಿನದಿಂದ ದಿನಕ್ಕೆ, ಊರಿಂದ ಊರಿಗೆ ಹೇಗೆ ಬದಲಾಗುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಡಾಬ್ಸನ್ ಆ ಕೆಲಸ ಹಿಡಿದರು.

ನೆಲದಲ್ಲಿ ನಿಂತು ಆಕಾಶ ತೂಗುವ ತಕ್ಕಡಿ

ಇಪ್ಪತ್ತೈದು ಕಿಲೋಮೀಟರ್ ಎತ್ತರದಲ್ಲಿರುವ ಅನಿಲವನ್ನು ನೆಲದ ಮೇಲೆ ಕೂತು ಅಳೆಯುವುದು ಹೇಗೆ? ಉಪಾಯ ಬೆಳಕಿನಲ್ಲಿದೆ.

ಸೂರ್ಯನ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿದರೆ ಕಾಮನಬಿಲ್ಲಿನಂತೆ ಬಿಡಿಸಿಕೊಳ್ಳುತ್ತದೆ. ಆ ಬಣ್ಣಗಳ ಪಟ್ಟಿಗೆ ರೋಹಿತ ಎನ್ನುತ್ತಾರೆ. ನೇರಳೆಯ ಆಚೆಗೂ ಕಣ್ಣಿಗೆ ಕಾಣದ ಕಿರಣಗಳಿವೆ. ಅವುಗಳಲ್ಲಿ 305 ನ್ಯಾನೊಮೀಟರ್ ಆಸುಪಾಸಿನ ಕಿರಣವನ್ನು ಓಝೋನ್ ಚೆನ್ನಾಗಿ ನುಂಗುತ್ತದೆ. ಅದರ ಪಕ್ಕದ 325 ನ್ಯಾನೊಮೀಟರ್ ಕಿರಣವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಮೇಲೆ ಓಝೋನ್ ಹೆಚ್ಚಿದ್ದ ದಿನ ಮೊದಲನೆಯದು ಹೆಚ್ಚು ಮಂಕಾಗಿರುತ್ತದೆ, ಎರಡನೆಯದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ದೂಳು, ಮಬ್ಬು ಏನೇ ಇದ್ದರೂ ಎರಡೂ ಕಿರಣಗಳನ್ನು ಸುಮಾರು ಒಂದೇ ಪ್ರಮಾಣದಲ್ಲಿ ಮಂಕಾಗಿಸುವುದರಿಂದ ಹೋಲಿಕೆ ಕೆಡುವುದಿಲ್ಲ. ಒಂದೊಂದನ್ನೇ ಅಳೆಯದೆ ಅವುಗಳ ಅನುಪಾತ ಅಳೆದದ್ದೇ ಇಲ್ಲಿನ ಜಾಣತನ.

1924ರಲ್ಲಿ ಡಾಬ್ಸನ್ ಆಕ್ಸ್‌ಫರ್ಡ್ ಹೊರವಲಯದ ತಮ್ಮ ಮನೆಯ ಕಾರ್ಯಾಗಾರದಲ್ಲೇ ಇಂಥ ಮೊದಲ ಉಪಕರಣ ಕಟ್ಟಿದರು. ಅದು ರೋಹಿತವನ್ನು ಫೋಟೋ ಗಾಜಿನ ಮೇಲೆ ಹಿಡಿಯುತ್ತಿತ್ತು. ಬೇಡದ ಬೆಳಕನ್ನು ತಡೆಯಲು ಕ್ಲೋರಿನ್ ಮತ್ತು ಬ್ರೋಮಿನ್ ಅನಿಲ ತುಂಬಿದ ಡಬ್ಬಿಯನ್ನು ಶೋಧಕವಾಗಿ ಬಳಸಿದರು. ಮುಂದೆ ಓಝೋನನ್ನು ನಾಶಮಾಡುವ ಅಪರಾಧಿಗಳೆಂದು ಪತ್ತೆಯಾಗಲಿದ್ದವೂ ಇವೇ ಎರಡು ಧಾತುಗಳು ಎಂಬುದು ನಮಗೆ ತಮಾಷೆಯಾಗಿ ಕಾಣುತ್ತದೆ.

ಮೊದಲ ವರ್ಷದ ಅಳತೆಯಲ್ಲೇ ಎರಡು ಸಂಗತಿ ಸಿಕ್ಕವು. ಆಕ್ಸ್‌ಫರ್ಡ್ ಮೇಲೆ ಓಝೋನ್ ವಸಂತದಲ್ಲಿ ಅತಿ ಹೆಚ್ಚು, ಶರತ್ಕಾಲದಲ್ಲಿ ಅತಿ ಕಡಿಮೆ. ಜೊತೆಗೆ ದಿನದಿನದ ಏರಿಳಿತ ಹವಾಮಾನದ ಜೊತೆ ಹೆಜ್ಜೆ ಹಾಕುತ್ತಿತ್ತು, ವಾಯುಭಾರ ಕುಸಿತ ಬಂದಾಗ ಓಝೋನ್ ಏರುತ್ತಿತ್ತು. ಇದು ಆಕ್ಸ್‌ಫರ್ಡ್‌ನ ವಿಶೇಷವೋ ಎಲ್ಲ ಕಡೆಯೂ ಹೀಗೆಯೋ ಎಂದು ತಿಳಿಯಲು ಇನ್ನಷ್ಟು ಉಪಕರಣ ಕಟ್ಟಿ ಐರ್ಲೆಂಡ್, ಶೆಟ್ಲೆಂಡ್, ಸ್ವೀಡನ್, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಗೆ ಕಳಿಸಿದರು. ಅಲ್ಲಿ ತೆಗೆದ ಫೋಟೋ ಗಾಜುಗಳೆಲ್ಲ ಆಕ್ಸ್‌ಫರ್ಡ್‌ಗೆ ವಾಪಸ್ ಬಂದು, ಒಂದೇ ಕಡೆ ತೊಳೆದು ಅಳತೆಯಾಗುತ್ತಿದ್ದವು. ಹತ್ತು ಕಡೆ ಹತ್ತು ಜನ ಹತ್ತು ರೀತಿ ಅಳೆದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲವಲ್ಲ.

ಯುರೋಪಿನ ಕೆಲಸ ಮುಗಿದ ಮೇಲೆ ಅದೇ ಉಪಕರಣಗಳು ಲೋಕ ಸುತ್ತಲು ಹೊರಟವು. ಒಂದು ಕ್ಯಾಲಿಫೋರ್ನಿಯಾಗೆ, ಒಂದು ಈಜಿಪ್ಟಿಗೆ, ಒಂದು ನ್ಯೂಜಿಲೆಂಡಿಗೆ. ಮತ್ತೊಂದು ನಮ್ಮ ಪಕ್ಕದ ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಬಂತು. ಇಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯವೇ ಅದು. ಕೊಡೈಕೆನಾಲ್ ಅಂಕಿಗಳು ವಿಚಿತ್ರವಾಗಿದ್ದವು: ವರ್ಷವಿಡೀ ಓಝೋನ್ ಕಡಿಮೆ, ಏರಿಳಿತವೂ ಅಲ್ಪ.

ಇದೇಕೆ ವಿಚಿತ್ರ? ಓಝೋನ್ ಹುಟ್ಟುವುದು ಸೂರ್ಯನ ಬಿಸಿಲಿನಿಂದ. ಬಿಸಿಲು ಹೆಚ್ಚಿರುವ ನಮ್ಮ ಉಷ್ಣವಲಯದಲ್ಲಿ ಓಝೋನ್ ಕಡಿಮೆ, ಬಿಸಿಲೇ ಅಪರೂಪವಾದ ಧ್ರುವಗಳ ಕಡೆ ಹೆಚ್ಚು, ಅದೂ ಚಳಿಗಾಲ ಮುಗಿಯುವ ಹೊತ್ತಿಗೆ! ಭತ್ತ ಬೆಳೆಯುವುದು ಒಂದು ಊರಲ್ಲಿ, ಕಣಜ ತುಂಬುವುದು ಇನ್ನೊಂದು ಊರಲ್ಲಿ ಎಂದರೆ ನಡುವೆ ಗಾಡಿ ಓಡಾಡುತ್ತಿರಬೇಕು. ಉಷ್ಣವಲಯದಿಂದ ಮೇಲ್ಗಾಳಿ ನಿಧಾನವಾಗಿ ಧ್ರುವಗಳತ್ತ ಹರಿದು ಅಲ್ಲಿ ಕೆಳಗಿಳಿಯುತ್ತಿರಬಹುದೆಂದು ಡಾಬ್ಸನ್ 1929ರಲ್ಲೇ ಯೋಚಿಸಿದ್ದರು. ಅದು ಖಾತ್ರಿಯಾಗಲು ಇನ್ನೊಂದು ಮಹಾಯುದ್ಧ ಬೇಕಾಯಿತು.

ಯುದ್ಧಕಾಲದಲ್ಲಿ ವಿಮಾನಗಳ ಹಿಂದೆ ಮೂಡುವ ಬಿಳಿ ಗೆರೆ ವಾಯುಸೇನೆಗೆ ತಲೆನೋವಾಗಿತ್ತು, ಏಕೆಂದರೆ ಶತ್ರುವಿಗೆ ಅದು ದಾರಿ ತೋರಿಸುತ್ತಿತ್ತು. ಅದು ಯಾವಾಗ ಮೂಡುತ್ತದೆಂದು ಹೇಳಲು ಮೇಲಿನ ಗಾಳಿಯ ತೇವಾಂಶ ತಿಳಿಯಬೇಕಿತ್ತು. ಡಾಬ್ಸನ್ ಮತ್ತು ಅವರ ಜೊತೆಗಾರ ಅಲನ್ ಬ್ರೂವರ್ ಅದಕ್ಕೊಂದು ಮಾಪಕ ತಯಾರಿಸಿ ವಿಮಾನದಲ್ಲಿ ಹಾರಿಸಿ ನೋಡಿದಾಗ, ಸ್ಟ್ರಾಟೋಸ್ಫಿಯರ್ ಎಂಬ ಮೇಲಿನ ಪದರ ಮರುಭೂಮಿಗಿಂತ ಒಣಗಿದೆ ಎಂದು ಕಂಡಿತು. ಅಷ್ಟು ಒಣ ಗಾಳಿ ಬರಲು ಅದು ಉಷ್ಣವಲಯದ ಅತಿ ತಣ್ಣನೆಯ ಎತ್ತರದ ಮೂಲಕವೇ ಹತ್ತಿರಬೇಕು, ದಾರಿಯಲ್ಲಿ ತೇವವೆಲ್ಲ ಹೆಪ್ಪುಗಟ್ಟಿ ಉದುರಿರಬೇಕು ಎಂದು ಬ್ರೂವರ್ 1949ರಲ್ಲಿ ವಾದಿಸಿದರು. ಓಝೋನ್ ಹೇಳಿದ ಕಥೆಯೂ ಅದೇ. ಈ ಹರಿವಿಗೆ ಇಂದು ಬ್ರೂವರ್-ಡಾಬ್ಸನ್ ಪರಿಚಲನೆ ಎಂದೇ ಹೆಸರು. ಇದನ್ನು ನೆನಪಿಡಿ, 1956ರ ಒಗಟು ಬಿಡಿಸುವಾಗ ಬೇಕಾಗುತ್ತದೆ.

ಇಷ್ಟರಲ್ಲಿ ಉಪಕರಣವೂ ಬದಲಾಗಿತ್ತು. 1920ರ ದಶಕದ ಕೊನೆಗೆ ಡಾಬ್ಸನ್ ಫೋಟೋ ಗಾಜು ಬಿಟ್ಟು ವಿದ್ಯುತ್ ಕೋಶ ಬಳಸಿದರು. ಎರಡು ಕಿರಣಗಳು ಸರದಿಯಂತೆ ಕೋಶದ ಮೇಲೆ ಬೀಳುತ್ತವೆ. ಹೆಚ್ಚು ಪ್ರಖರವಾದದ್ದರ ದಾರಿಗೆ ಬೆಳಕು ಮಂಕುಗೊಳಿಸುವ ಗಾಜಿನ ತುಂಡನ್ನು ಸರಿಸುತ್ತ ಹೋಗಬೇಕು. ಎರಡೂ ಸಮವಾದಾಗ ಮುಳ್ಳು ಸೊನ್ನೆಗೆ ಬರುತ್ತದೆ. ಗಾಜು ಎಷ್ಟು ಸರಿಯಿತೋ ಅದರಿಂದ ಓಝೋನ್ ಲೆಕ್ಕ. ಅಕ್ಷರಶಃ ತಕ್ಕಡಿ! ಲಂಡನ್ನಿನ ಕಂಪನಿಯೊಂದು ಇದನ್ನು ತಯಾರಿಸತೊಡಗಿತು. ಡಾಬ್ಸನ್ ಹೆಸರಿನ ಈ ಉಪಕರಣಗಳು ಇಂದಿಗೂ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿವೆ.

ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಚಾರ್ಲ್ಸ್ ನಾರ್ಮಂಡ್ ನಿವೃತ್ತಿಯ ನಂತರ ಆಕ್ಸ್‌ಫರ್ಡ್‌ಗೆ ಹೋಗಿ ಇದೇ ಉಪಕರಣದ ಸುಧಾರಣೆಯಲ್ಲಿ ಡಾಬ್ಸನ್ ಜೊತೆಯಾದರು. ಇಲ್ಲಿ ನಮ್ಮಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಓಝೋನ್ ಅಧ್ಯಯನವನ್ನು ಬೆಳೆಸಿದರು.

ಡಾಬ್ಸನ್ ಯೂನಿಟ್ ಎಂದರೆ?

ಸುದ್ದಿಗಳಲ್ಲಿ 300 ಡಾಬ್ಸನ್ ಯೂನಿಟ್, 200 ಡಾಬ್ಸನ್ ಯೂನಿಟ್ ಎಂದು ಓದಿರುತ್ತೀರಿ. ನಿಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಓಝೋನನ್ನೆಲ್ಲ ನೆಲಕ್ಕೆ ಇಳಿಸಿ, ಸಮುದ್ರ ಮಟ್ಟದ ಒತ್ತಡದಲ್ಲಿ, ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ ಹರಡಿದರೆ ಎಷ್ಟು ದಪ್ಪದ ಪದರವಾಗುತ್ತದೆ? ಪ್ರತಿ 0.01 ಮಿಲಿಮೀಟರ್ ಒಂದು ಯೂನಿಟ್. 300 ಯೂನಿಟ್ ಎಂದರೆ ಬರೀ 3 ಮಿಲಿಮೀಟರ್. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅಷ್ಟರಿಂದಲೇ ನೆಲದ ಜೀವ ಬದುಕಿಕೊಂಡಿದೆ.

ಉಷ್ಣವಲಯದಲ್ಲಿ 250ರ ಆಸುಪಾಸು ಸಹಜ. ಹಾಗಾಗಿ ದಕ್ಷಿಣ ಭಾರತದ ಮೇಲೆ ಓಝೋನ್ ಕಡಿಮೆಯಿದೆ ಎಂದು ಯಾರಾದರೂ ನಕ್ಷೆ ಕಳಿಸಿ ಹೆದರಿಸಿದರೆ, ಅದು ಕೊಡೈಕೆನಾಲ್‌ನಲ್ಲಿ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡ ಸಂಗತಿ.

1956ರ ಆ ತಂತಿ ಸಂದೇಶಗಳು

ಅಂತರರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ 1956ರಲ್ಲಿ ಬ್ರಿಟಿಷರು ಅಂಟಾರ್ಕ್ಟಿಕಾದ ಹ್ಯಾಲಿ ಬೇಯಲ್ಲಿ ನೆಲೆ ಹೂಡಿದರು. ಜೊತೆಗೆ ಒಂದು ಡಾಬ್ಸನ್ ಉಪಕರಣವೂ ಹೋಯಿತು. ಅಳತೆಗಳು ತಂತಿ ಮೂಲಕ ಬರತೊಡಗಿದವು.

ಡಾಬ್ಸನ್ ಕೈಯಲ್ಲಿ ಆಗ ಉತ್ತರ ಧ್ರುವದ ಬಳಿಯ ಸ್ಪಿಟ್ಸ್‌ಬರ್ಗೆನ್ ದ್ವೀಪದ ಅಂಕಿಗಳಿದ್ದವು. ಅಲ್ಲಿ ವಸಂತದಲ್ಲಿ ಓಝೋನ್ ಸುಮಾರು 450 ಯೂನಿಟ್‌ಗೆ ಏರುತ್ತಿತ್ತು. ದಕ್ಷಿಣದಲ್ಲಿ ವಸಂತ ಎಂದರೆ ಸೆಪ್ಟೆಂಬರ್, ಅಕ್ಟೋಬರ್. ಅಲ್ಲೂ ಹೀಗೇ ಏರಬೇಕೆಂದು ಅವರು ಕಾದರು. ಏರಲಿಲ್ಲ. ಬಂದ ಅಂಕಿಗಳು ನಿರೀಕ್ಷೆಗಿಂತ ಸುಮಾರು 150 ಯೂನಿಟ್ ಕಡಿಮೆ ಇದ್ದವು, ಅಂದರೆ 300ರ ಆಸುಪಾಸು. ಉಪಕರಣ ಕೆಟ್ಟಿತೇ, ಅಳೆದವರು ತಪ್ಪಿದರೇ ಎಂಬ ಅನುಮಾನ ಮೊದಲು ಬಂತು. ಆದರೆ ನವೆಂಬರಿನಲ್ಲಿ ಅಂಕಿಗಳು ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದು ನಿರೀಕ್ಷಿಸಿದ ಮಟ್ಟ ತಲುಪಿದವು. ಮರುವರ್ಷವೂ ಇದೇ ಪುನರಾವರ್ತನೆ. ಹಾಗಾದರೆ ತಪ್ಪಲ್ಲ, ದಕ್ಷಿಣದ ಸ್ವಭಾವವೇ ಹೀಗೆ.

ಕಾರಣ ಆ ಗಾಡಿಯ ದಾರಿಯಲ್ಲಿದೆ. ಚಳಿಗಾಲದಲ್ಲಿ ದಕ್ಷಿಣ ಧ್ರುವದ ಸುತ್ತ ಮೇಲ್ಗಾಳಿಯ ದೊಡ್ಡ ಸುಳಿ ಕಟ್ಟುತ್ತದೆ. ಒಳಗಿನ ಗಾಳಿ ಒಳಗೇ, ಹೊರಗಿನದು ಹೊರಗೇ. ಉಷ್ಣವಲಯದಿಂದ ಬಂದ ಓಝೋನ್ ತುಂಬಿದ ಗಾಳಿ ಬಾಗಿಲ ಹೊರಗೆ ಕಾಯುತ್ತದೆ. ಉತ್ತರದಲ್ಲಿ ಪರ್ವತ, ಖಂಡ, ಸಾಗರಗಳ ಏರುಪೇರಿನಿಂದ ಸುಳಿ ಬೇಗ ಒಡೆಯುತ್ತದೆ. ದಕ್ಷಿಣದಲ್ಲಿ ನವೆಂಬರಿನವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಒಡೆದ ಕೂಡಲೇ ಓಝೋನ್ ಒಳನುಗ್ಗುತ್ತದೆ.

ಈಗ ಫಾರ್ವರ್ಡ್ ಸಂದೇಶಕ್ಕೆ ಬರೋಣ. ಅದು ಮಾಡುವ ಮೊದಲ ತಪ್ಪು ಓದುವಿಕೆಯದ್ದು. 150 ಯೂನಿಟ್ ಕಡಿಮೆ ಎಂಬುದನ್ನು ಕೆಲವರು 150 ಯೂನಿಟ್‌ಗೆ ಇಳಿಯಿತು ಎಂದು ಓದಿಕೊಂಡರು. 300ಕ್ಕೂ 150ಕ್ಕೂ ಎಷ್ಟು ಅಂತರ ನೋಡಿ. ಓಝೋನ್ ರಂಧ್ರ ಎಂದು ಕರೆಯಲು ಇಂದು ಬಳಸುವ ಗಡಿ 220 ಯೂನಿಟ್. 1979ಕ್ಕೆ ಮುಂಚೆ ಅಂಟಾರ್ಕ್ಟಿಕಾದ ಅಳತೆಗಳು ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ ಎಂಬ ಕಾರಣಕ್ಕೇ ಆ ಗಡಿ ಆಯ್ಕೆಯಾದದ್ದು.

ಎರಡನೆಯ ತಪ್ಪು ಇನ್ನೂ ಮುಖ್ಯ. ನಿಮ್ಮ ಖಾತೆಯಲ್ಲಿ 300 ರೂಪಾಯಿ ಇದೆ, 150 ರೂಪಾಯಿ ಸಂಬಳ ಬರಬೇಕಿತ್ತು, ಎರಡು ತಿಂಗಳು ತಡವಾಗಿ ಬಂತು ಎಂದುಕೊಳ್ಳಿ. ಡಾಬ್ಸನ್ 1956ರಲ್ಲಿ ಕಂಡದ್ದು ಇದನ್ನು. ಇನ್ನೊಂದು ಸಂದರ್ಭದಲ್ಲಿ ಖಾತೆಯಲ್ಲಿದ್ದ 300 ರೂಪಾಯಿಯಲ್ಲೇ ಅರ್ಧ ಮಾಯವಾಗುತ್ತದೆ. ಇದು ಕಳವು, ಓಝೋನ್ ರಂಧ್ರ ಎಂದರೆ ಇದು. ಏರಬೇಕಾದದ್ದು ತಡವಾಗುವುದಕ್ಕೂ ಇದ್ದದ್ದು ಇಳಿಯುವುದಕ್ಕೂ ಸಂಬಂಧವಿಲ್ಲ.

ಡಾಬ್ಸನ್ ಈ ಇಡೀ ಪ್ರಸಂಗವನ್ನು ಮುಚ್ಚಿಟ್ಟಿರಲೂ ಇಲ್ಲ. 1968ರಲ್ಲಿ ಆಕ್ಸ್‌ಫರ್ಡ್‌ನ ನಲವತ್ತು ವರ್ಷಗಳ ಓಝೋನ್ ಸಂಶೋಧನೆಯ ಇತಿಹಾಸ ಬರೆದಾಗ ಅನುಮಾನ, ನವೆಂಬರಿನ ಜಿಗಿತ, ಸುಳಿಯ ವಿವರಣೆ ಎಲ್ಲವನ್ನೂ ಸಾಲಾಗಿ ದಾಖಲಿಸಿದರು. ಸಂದೇಶ ಬರೆದವರು ಅದರಲ್ಲಿ ಮೊದಲ ಅರ್ಧ ಮಾತ್ರ ಹಿಡಿದುಕೊಂಡು, ಉಳಿದರ್ಧ ಬಿಟ್ಟಿದ್ದಾರೆ.

ಆಮೇಲೆ ಏನಾಯಿತು

1950ರಲ್ಲೇ ಆಕ್ಸ್‌ಫರ್ಡ್‌ನ ಹುದ್ದೆಯಿಂದ ನಿವೃತ್ತರಾಗಿದ್ದರೂ ಡಾಬ್ಸನ್ ಮನೆಯಲ್ಲೇ ಅಳತೆ ಮುಂದುವರಿಸಿದ್ದರು. ಫ್ರಿಜ್, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲಗಳು ಮೇಲೇರಿ ಕ್ಲೋರಿನ್ ಬಿಡುತ್ತವೆ, ಅದು ಓಝೋನನ್ನು ಒಡೆಯುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದಾಗ ಡಾಬ್ಸನ್‌ಗೆ 85 ವರ್ಷ. ಅವರ ಕೊನೆಯ ಓಝೋನ್ ಅಳತೆ 1976ರ ಜನವರಿ 30ರದು. ಮರುದಿನ ಪಾರ್ಶ್ವವಾಯು ಹೊಡೆಯಿತು. ಆರು ವಾರದ ನಂತರ, ಮಾರ್ಚ್‌ನಲ್ಲಿ ತೀರಿಕೊಂಡರು. ರಂಧ್ರವನ್ನು ಅವರು ನೋಡಲೇ ಇಲ್ಲ.

ಹ್ಯಾಲಿ ಬೇಯ ಅಳತೆ ಮಾತ್ರ ನಿಂತಿರಲಿಲ್ಲ. 1970ರ ದಶಕದ ಕೊನೆಯಿಂದ ಅಕ್ಟೋಬರಿನ ಅಂಕಿಗಳು ಕುಸಿಯತೊಡಗಿದವು. ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ತಂಡಕ್ಕೂ ಡಾಬ್ಸನ್‌ಗೆ ಬಂದ ಅನುಮಾನವೇ ಬಂತು: ಉಪಕರಣ ಹಳತಾಯಿತೇ? ಬೇರೊಂದು ಡಾಬ್ಸನ್ ಉಪಕರಣ ತಂದಿಟ್ಟರು. ಅದೂ ಅದೇ ಕುಸಿತ ತೋರಿಸಿತು. 1985ರ ಮೇ ತಿಂಗಳಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಒಂದು ಕಾಲಕ್ಕೆ 300ರ ಸುತ್ತ ಇದ್ದ ಅಕ್ಟೋಬರ್ ಸರಾಸರಿ 1984ರ ಹೊತ್ತಿಗೆ 200ಕ್ಕಿಂತ ಕೆಳಗಿತ್ತು.

ಕುಸಿತ ಎಂದು ಹೇಳಬೇಕಾದರೆ ಮುಂಚೆ ಎಷ್ಟಿತ್ತೆಂದು ಗೊತ್ತಿರಬೇಕು. ಗೊತ್ತಿದ್ದದ್ದು 1956ರಿಂದ ಅಲ್ಲಿ ಡಾಬ್ಸನ್ ಉಪಕರಣ ಇದ್ದದ್ದರಿಂದ. ಫಾರ್ವರ್ಡ್ ಸಂದೇಶ ರಂಧ್ರ ಸಹಜ ಎನ್ನಲು ಯಾವ ಅಂಕಿಗಳನ್ನು ಸಾಕ್ಷಿಗೆ ಕರೆಯುತ್ತದೋ, ರಂಧ್ರ ಹೊಸದು ಎಂದು ತೋರಿಸಿಕೊಟ್ಟದ್ದೂ ಅವೇ ಅಂಕಿಗಳು.

ಕ್ಲೋರಿನ್ ಪಾತ್ರ ಖಚಿತವಾದದ್ದು ನಂತರದ ವರ್ಷಗಳಲ್ಲಿ. ಸುಳಿಯೊಳಗಿನ ಕಡುಚಳಿಯಲ್ಲಿ ಕಟ್ಟುವ ಮೋಡಗಳ ಮೇಲೆ ಕ್ಲೋರಿನ್ ಸಂಯುಕ್ತಗಳು ಚುರುಕಾಗುತ್ತವೆ, ಸೆಪ್ಟೆಂಬರಿನಲ್ಲಿ ಬಿಸಿಲು ಮರಳಿದ ಕೂಡಲೇ ಓಝೋನನ್ನು ನಾಶಮಾಡುತ್ತವೆ ಎಂದು ವಿಮಾನ ಮತ್ತು ನೆಲದ ಅಳತೆಗಳು ತೋರಿಸಿದವು. ಅಂದಹಾಗೆ ಸಿಎಫ್‌ಸಿ 1956ರಲ್ಲೂ ಇತ್ತು. 1930ರ ದಶಕದಿಂದಲೇ ಫ್ರಿಜ್‌ಗಳಲ್ಲಿ ಬಳಕೆಯಲ್ಲಿತ್ತು, ಆದರೆ ಗಾಳಿಯಲ್ಲಿ ಸೇರಿದ್ದ ಪ್ರಮಾಣ ಇನ್ನೂ ಕಡಿಮೆ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ನಿಷೇಧ ಫಲ ಕೊಡುತ್ತಿದೆ. 2022ರ ಅಂತರರಾಷ್ಟ್ರೀಯ ವರದಿಯ ಪ್ರಕಾರ ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ.

ಮುಂದಿನ ಸಲ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಎರಡೇ ಪ್ರಶ್ನೆ ಕೇಳಿ. 1956ರ ಅಕ್ಟೋಬರಿನಲ್ಲಿ ಹ್ಯಾಲಿ ಬೇಯಲ್ಲಿ ಓಝೋನ್ ಎಷ್ಟು ಯೂನಿಟ್ ಇತ್ತು? 1984ರ ಅಕ್ಟೋಬರಿನಲ್ಲಿ ಎಷ್ಟಿತ್ತು? ಈ ಅಂಕಿಗಳು ಗುಟ್ಟಿನವಲ್ಲ. ಬ್ರಿಟಿಷ್ ಅಂಟಾರ್ಕ್ಟಿಕ್ ಸಮೀಕ್ಷಾ ಸಂಸ್ಥೆ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ, ಮೊಬೈಲಿನಲ್ಲೇ ನೋಡಬಹುದು.